ಐಡಿ ಇದ್ದರೆ ಬೇಗ

ಹುಲಿಗೇಶನಿಗೆ ದಣಿವಾಗಲು ಕೆಲಸ ಮಾಡಲೇಬೇಕೆಂದೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ರಾಯಚೂರಿನ ಬಿಸಿಲಿಗೆ ಬಾಗಿಲು ತೆರೆದರೆ ಸಾಕು, ಅರ್ಧ ದಣಿವು ತಾನಾಗಿ ಒಳಗೆ ಬರುತ್ತಿತ್ತು. ಉಳಿದರ್ಧವನ್ನು ಕಾಲೇಜು ಒದಗಿಸುತ್ತಿತ್ತು. ಅವನು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಬಂದವನ ತಲೆಗೂದಲು ಅಲ್ಲೇ ನರೆತಿದ್ದರೂ ಆತಿಥ್ಯ ಮುಗಿದಿರಲಿಲ್ಲ. ಪ್ರತಿ ಬೇಸಿಗೆಯಲ್ಲಿ ಅವನನ್ನು ಮನೆಗೆ ಕಳಿಸುತ್ತಿದ್ದರು, ಮಳೆಗಾಲಕ್ಕೆ ಮತ್ತೆ ಕರೆಯುತ್ತಿದ್ದರು. ಕರೆಯದೆ ಇರಬಹುದು ಎಂಬ ಸಾಧ್ಯತೆಯನ್ನು ಮಾತ್ರ ಯಾವ ವರ್ಷವೂ ಮರೆಸುತ್ತಿರಲಿಲ್ಲ.

ಆ ವರ್ಷ ಕಾಲೇಜಿನ ಫಲಿತಾಂಶದ ವೆಬ್ ಪುಟ ವಿಪರೀತ ನಿಧಾನವಾಯಿತು. ಪ್ರಾಚಾರ್ಯರು ಹುಲಿಗೇಶನನ್ನು ಕರೆದರು.

"ಹುಡುಗ್ರು ರಿಸಲ್ಟ್ ಒತ್ತಿ, ಹೊರಗ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬಂದ್ರೂ ಪುಟ ತೆರಿಯಂಗಿಲ್ಲಂತ. ಯಾಕಂತ ನೋಡಿ ಒಂದು ವರದಿ ಕೊಡ್ರಿ. ನಿಮ್ಮ ಮುಂದಿನ ವರ್ಷದ ವಿಚಾರ ಆಮ್ಯಾಲೆ ಮಾತಾಡೋಣು."

ವರದಿ ಎಂದರೇನು, ಮುಂದಿನ ವರ್ಷ ಎಂದರೇನು ಎಂಬುದು ಹುಲಿಗೇಶನಿಗೆ ಚೆನ್ನಾಗಿ ಅರ್ಥವಾಯಿತು. ಆತ ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕುಳಿತ.

ವೆಬ್ ಪುಟವೆಂಬುದು ತುಣುಕುಗಳಿಂದ ಆದದ್ದು. ಶೀರ್ಷಿಕೆ ಒಂದು ತುಣುಕು, ಬಟನ್ ಒಂದು ತುಣುಕು, ಅಂಕಗಳ ಪೆಟ್ಟಿಗೆ ಇನ್ನೊಂದು. ಇವಕ್ಕೆ ಎಲಿಮೆಂಟ್ ಎನ್ನುತ್ತಾರೆ. ಯಾವ ತುಣುಕನ್ನು ಬದಲಾಯಿಸಬೇಕಾದರೂ ಮೊದಲು ಅದನ್ನು ಹುಡುಕಿ ಆಯ್ಕೆ ಮಾಡಬೇಕು. ಹುಡುಕಲು ಹಲವು ದಾರಿಗಳಿವೆ. ತುಣುಕಿಗೆ ಅದರದೇ ಆದ ಒಂದು ಐಡಿ ಇದ್ದರೆ ಅದನ್ನು ಹೆಸರು ಹಿಡಿದು ಕರೆಯಬಹುದು. ಇಲ್ಲವೆ, ಒಂದೇ ಬಗೆಯ ಹಲವು ತುಣುಕುಗಳಿಗೆ ಕ್ಲಾಸ್ ಎಂಬ ಸಾಮಾನ್ಯ ಹೆಸರಿರುತ್ತದೆ, ಅದನ್ನು ಹಿಡಿದು ಹುಡುಕಬಹುದು. ಅದೂ ಇಲ್ಲದಿದ್ದರೆ ಯಾವುದರೊಳಗೆ ಯಾವುದಿದೆ ಎಂದು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ ಬರಬೇಕು. ಪುಟ ನಿಧಾನವಾಗುವುದಕ್ಕೆ ಈ ಹುಡುಕಾಟದ ದಾರಿಯೇ ಕಾರಣವಿರಬೇಕು ಎಂದು ಹುಲಿಗೇಶ ತೀರ್ಮಾನಿಸಿದ. ಯಾವ ದಾರಿ ಎಷ್ಟು ಬೇಗ ಎಂದು ಒಂದನ್ನೊಂದು ಹೋಲಿಸಿ ಅಳೆಯತೊಡಗಿದ. ಅಳೆಯುತ್ತ ಅಳೆಯುತ್ತ ಅವನಿಗೆ ಬಹಳ ವರ್ಷಗಳ ಮೇಲೆ ಸ್ವಲ್ಪ ಖುಷಿಯಾಯಿತು. ಆಗಬಾರದಿತ್ತು.

ಅದೇ ಹೊತ್ತಿಗೆ ದೇವದುರ್ಗದಲ್ಲಿ ತೊಟ್ಟಿಲ ಕಾರ್ಯ ಬಂತು. ಹೆಂಡತಿ ಸುಜಾತಾಳ ತಂಗಿಗೆ ಮಗುವಾಗಿತ್ತು. ಸುಜಾತಾಳ ತಂದೆ ಮೌನಪ್ಪ ನಿವೃತ್ತ ಹೆಡ್ ಮಾಸ್ತರರು. ಹೆಸರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಅಂಗಳದಲ್ಲಿ ಪೆಂಡಾಲಿನ ಕೆಳಗೆ ಊಟಕ್ಕೆ ಕುಳಿತವರಿಗೆಲ್ಲ ಅಳಿಯಂದಿರ ಪರಿಚಯ ಮಾಡಿಸುತ್ತಿದ್ದರು.

"ಇವ ಸಣ್ಣ ಅಳಿಯ ಆನಂದ, ಇಂಜಿನಿಯರ್. ಮಾನ್ವಿ ಕಡಿ ಕಾಲುವಿ ಎಲ್ಲಾ ಇವನ ಕೈಯಾಗ ಅದ. ಇವ ದೊಡ್ಡ ಅಳಿಯ ಹುಲಿಗೇಶ." ಇಲ್ಲಿಗೆ ಬಂದಾಗ ಅವರು ಸ್ವಲ್ಪ ತಡೆದರು. "ಇವ ಕಂಪ್ಯೂಟರ್."

ಮನುಷ್ಯನನ್ನು ಯಂತ್ರವೆಂದು ಪರಿಚಯಿಸಿದಾಗ ನಮಸ್ಕಾರ ಮಾಡಬೇಕೋ ಬೇಡವೋ ಎಂದು ತಿಳಿಯದೆ ಎದುರಿನ ಸಾಲಿನಲ್ಲಿ ಕುಳಿತಿದ್ದ ಯಮನೂರಪ್ಪ ಅರ್ಧ ಕೈ ಎತ್ತಿದ. ಆತ ಮಾನ್ವಿಯ ಆಚೆಯ ಒಂದು ಹಳ್ಳಿಯವ. ಕುರಿ ಹಿಂಡು ಇತ್ತು, ಹೊಲ ಇತ್ತು, ಆನಂದನ ಕಾಲುವೆಯ ಪರಿಚಯ ಇತ್ತು. ಪಕ್ಕದಲ್ಲಿ ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದ ಮಗಳು ಅಂಬಿಕಾ ಕುಳಿತಿದ್ದಳು.

"ಕಂಪ್ಯೂಟರ್‌ದಾಗ ಏನು ಮಾಡ್ತೀರಿ?" ಎಂದು ಯಮನೂರಪ್ಪ ಮರ್ಯಾದೆಗೆ ಕೇಳಿದ.

"ಪಾಠ ಹೇಳ್ತೀನಿ" ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆನಂದ ಆ ಗಳಿಗೆಯಲ್ಲಿ ಜೀಪಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ಹುಲಿಗೇಶ ಗಂಟಲು ಸರಿಮಾಡಿಕೊಂಡ.

"ಸೆಲೆಕ್ಷನ್ ಕೆಲಸ ಅದರಿ. ಯಾವ ದಾರಿಲೆ ಆಯ್ಕೆ ಮಾಡಿದ್ರ ಬೇಗ ಆಗ್ತದ, ಯಾವ ದಾರಿಲೆ ತಡ ಆಗ್ತದ, ಹೋಲಿಸಿ ನೋಡಾಕತ್ತೀನಿ. ನನ್ನ ವರದಿ ಮ್ಯಾಲೆ ಮುಂದಿನ ತೀರ್ಮಾನ."

ಇದರಲ್ಲಿ ಒಂದೇ ಒಂದು ಸುಳ್ಳು ಪದವಿರಲಿಲ್ಲ. ಆನಂದನ ಕೀಲಿ ತಿರುಗುವುದು ನಿಂತಿತು. ಮೌನಪ್ಪ ಮಾಸ್ತರರು ಬಡಿಸುವವರನ್ನು ಕರೆದು, "ದೊಡ್ಡ ಅಳಿಯಗ ಇನ್ನೊಂದು ಹೋಳಿಗಿ ಹಾಕ್ರಿ, ತುಪ್ಪ ಹಾಕ್ರಿ" ಎಂದರು. ಮದುವೆಯಾದಂದಿನಿಂದ ಆ ಮನೆಯಲ್ಲಿ ಕೇಳದೆ ಬಂದ ಮೊದಲ ಹೋಳಿಗೆ ಅದು. ಹುಲಿಗೇಶ ತಿಂದ. ತಿಂದವನು ಬಾಯಿ ತುಂಬಿಕೊಂಡು ಏನನ್ನು ತಾನೇ ತಿದ್ದಲು ಸಾಧ್ಯ?

ಯಮನೂರಪ್ಪ ಎಲೆಯನ್ನು ಬಿಟ್ಟು ಹತ್ತಿರ ಬಂದು ಕುಳಿತ.

"ಸಾಹೇಬ್ರ, ಬೇಗ ಆಗೋ ದಾರಿ ಯಾವ್ದ್ರಿ?"

ಕಲಿಸುವವನಿಗೆ ಪ್ರಶ್ನೆ ಬಿದ್ದರೆ ತಡೆಯಲಾಗದು. "ಐಡಿ ಇದ್ರ ಬೇಗ. ಒಬ್ಬರಿಗಿದ್ದದ್ದು ಇನ್ನೊಬ್ಬರಿಗೆ ಇರಬಾರದು, ಅಷ್ಟ. ಕರದ ಕೂಡ್ಲೆ ಸಿಗ್ತದ. ಕ್ಲಾಸ್ ನೋಡಿ ಹುಡುಕಿದ್ರ ಒಂದ ಕ್ಲಾಸಿನವು ಭಾಳ ಇರ್ತಾವ, ಸ್ವಲ್ಪ ತಡ."

"ಎಲ್ಲಾಕಿಂತ ತಡ ಯಾವ್ದ್ರಿ?"

"ಪೇರೆಂಟ್‌ನ ಹಿಡಕೊಂಡು ಬರೋದು. ಮ್ಯಾಲಿನ ಪೇರೆಂಟ್, ಅದರ ಕೆಳಗ ಚೈಲ್ಡ್, ಹಿಂಗ ಇಳಕೊಂತ ಬಂದ್ರ ಅದು ಭಾಳ ತಡ."

ಯಮನೂರಪ್ಪ ಮಗಳ ಕಡೆ ನೋಡಿದ. ಅವಳ ಅರ್ಜಿಗಳನ್ನು ಚೀಲದಲ್ಲಿಟ್ಟುಕೊಂಡು ಎಲ್ಲ ಕಚೇರಿಗಳಿಗೂ ಮುಂದೆ ಮುಂದೆ ನಡೆದವನು ಅವನೇ.

"ಅಂದ್ರ ನಾ ಜೋಡಿ ಹೋಗಿದ್ದಕ್ಕ ತಡ ಆಗ್ಯಾದ" ಎಂದು ಮೆಲ್ಲಗೆ ಹೇಳಿದ.

ಇದು ಹುಲಿಗೇಶನಿಗೆ ಕೇಳಿಸಲಿಲ್ಲ. ಆಗಲೇ ಎರಡನೆಯ ಹೋಳಿಗೆ ಬಂದಿತ್ತು.

ಮುಂದಿನ ಭಾನುವಾರ ರಾಯಚೂರಿನ ಮನೆಯಲ್ಲಿ ಹುಲಿಗೇಶ ಬನಿಯನ್ನಿನಲ್ಲಿ ಕುಳಿತು ಕೂಲರಿಗೆ ನೀರು ತುಂಬುತ್ತಿದ್ದಾಗ ಸುಜಾತಾ ಬಂದು, "ಯಾರೋ ಗೇಟಿನ ಹೊರಗ ನಿಂತಾರ. ಒಳಗ ಬರ್ರಿ ಅಂದ್ರ ಬರವಲ್ರು" ಎಂದಳು.

ಗೇಟಿನ ಹೊರಗೆ ಯಮನೂರಪ್ಪ ಬಿಸಿಲಲ್ಲಿ ನಿಂತಿದ್ದ. ಅಂಬಿಕಾ ಒಬ್ಬಳೇ ಒಳಗೆ ಬಂದು ಶೇಂಗಾ ಚೀಲ ಕೆಳಗಿಟ್ಟು, ಕೈಚೀಲದಿಂದ ಆಧಾರ್, ಓಟರ್ ಐಡಿ, ರೇಷನ್ ಕಾರ್ಡು, ಹಳೆಯ ಬಸ್ ಪಾಸು, ಕಾಲೇಜಿನ ಗುರುತಿನ ಚೀಟಿಗಳನ್ನು ತೆಗೆದು ಟೀಪಾಯಿಯ ಮೇಲೆ ಜೋಡಿಸಿದಳು. ಜೋಡಿಸುವಾಗ ಅವಳ ಮುಖದಲ್ಲಿ ತಡೆದುಕೊಂಡ ನಗುವಿನಂಥ ಏನೋ ಇತ್ತು.

"ಯಜಮಾನ್ರ, ಒಳಗ ಬರ್ರಿ, ಬಿಸಿಲದ" ಎಂದು ಹುಲಿಗೇಶ ಕೂಗಿದ.

"ಬ್ಯಾಡ್ರಿ. ಅಪ್ಪ ಬಂದ್ರ ತಡ ಅಂತ ನೀವ ಹೇಳೀರಿ."

ಅವನನ್ನು ಕೈಹಿಡಿದು ಎಳೆದುಕೊಂಡು ಬಂದು ಕೂಲರಿನ ಎದುರು ಕೂಡಿಸುವಷ್ಟರಲ್ಲಿ ಹುಲಿಗೇಶ ಬೆವೆತುಹೋದ. ಸುಜಾತಾ ಚಹಾ ಕೊಟ್ಟಳು. ಹುಲಿಗೇಶ ತಾಳ್ಮೆಯಿಂದ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದ. ಇದು ಮನುಷ್ಯರ ಆಯ್ಕೆಯಲ್ಲ, ಪುಟದೊಳಗಿನ ತುಣುಕುಗಳ ಆಯ್ಕೆ ಎಂದ. ಉದಾಹರಣೆಗೆ ಒಂದು ಬಟನ್ ಎಂದ.

"ಬಟನ್ ಎಲ್ಲಿ ಇರ್ತದ್ರಿ?"

"ಪುಟದಾಗ ಇರ್ತದ."

"ಒತ್ತೋರು ಯಾರ್ರಿ?"

"ಪರೀಕ್ಷಾ ಮಾಡೋವಾಗ ನಾನ ಒತ್ತೀನಿ."

ಯಮನೂರಪ್ಪ ಬಸಿಯಲ್ಲಿ ಉಳಿದ ಚಹಾ ಕುಡಿದು ತೃಪ್ತಿಯಿಂದ ಬಾಯಿ ಒರೆಸಿಕೊಂಡ. "ಅಷ್ಟು ಗೊತ್ತಾದ್ರ ಸಾಕ್ರಿ. ಬಟನ್ ನಿಮ್ಮ ಕೈಯಾಗ ಅದ."

ಹುಲಿಗೇಶ ಮತ್ತೊಮ್ಮೆ ಹೇಳಿದ. ಯಮನೂರಪ್ಪ ಮತ್ತೊಮ್ಮೆ ಒಪ್ಪಿಕೊಂಡ. ಈ ಊರಿನಲ್ಲಿ ಕೆಲಸ ಮಾಡಿಕೊಡುತ್ತೇನೆ ಎನ್ನುವವರನ್ನು ಜನ ನಂಬುವುದು ಬಿಟ್ಟು ಬಹಳ ಕಾಲವಾಗಿದೆ. ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಇಷ್ಟು ವಿವರವಾಗಿ ಹೇಳುವವನು ಸಿಕ್ಕಿದ್ದು ಇದೇ ಮೊದಲು. ಅಂಥವನನ್ನು ನಂಬದಿರುವುದು ಹೇಗೆ?

ಅವರು ಹೋದ ಮೇಲೆ ಪಕ್ಕದ ಮನೆಯ ಅಬ್ದುಲ್ ವಹೀದ್ ಕಂಪೌಂಡಿನ ಮೇಲಿಂದ ಇಣುಕಿದರು. ಆಯುಷ್ಯವೆಲ್ಲ ಗುಮಾಸ್ತರಾಗಿ ಕಳೆದು ನಿವೃತ್ತರಾದವರು. ಸರ್ಕಾರದ ಯಾವ ಸಂಕ್ಷಿಪ್ತ ಹೆಸರನ್ನೂ ಬಿಡಿಸದೆ ಬಿಟ್ಟವರಲ್ಲ.

"ಹುಲಿಗೇಶ್, ನಿನ್ನದು ಮಹಕಮಾ, ಇಲಾಖೆ ಯಾವ್ದು?"

"ಮಹಕಮಾ ಏನಿಲ್ಲ ಚಾಚಾ. ಒಂದು ಪುಟದಾಗಿನ ಎಲಿಮೆಂಟ್ ಎಲ್ಲಾ ಹೆಂಗ ಜೋಡಿಸ್ಯಾರ ಅನ್ನೋದಕ್ಕ ಡಾಮ್ ಅಂತಾರ. ಅದರೊಳಗ ಕೆಲಸ."

"ಡಿ, ಓ, ಎಂ?"

"ಹೌದ್ರಿ."

ವಹೀದರು ಕಣ್ಣು ಮುಚ್ಚಿ ಆಲೋಚಿಸಿದರು. "ಡೈರೆಕ್ಟರೇಟ್ ಆಫ್ ಮ್ಯಾನ್‌ಪವರ್. ಹೊಸದು ಇರಬೇಕು. ನಮ್ಮ ಜಮಾನಾದಾಗ ಇರಲಿಲ್ಲ." ಹುಲಿಗೇಶ ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿ ಹೆಂಡತಿಗೆ ಹೇಳಿಯಾಗಿತ್ತು. ಸಂಜೆಯ ನಮಾಜಿಗೆ ಮಸೀದಿಯಲ್ಲೂ ಮಾರನೆಯ ಬೆಳಿಗ್ಗೆ ಹಾಲಿನ ಅಂಗಡಿಯಲ್ಲೂ ಆ ಇಲಾಖೆ ಸ್ಥಾಪನೆಯಾಯಿತು.

ಆಮೇಲೆ ಭಾನುವಾರಗಳು ಭಾನುವಾರಗಳಾಗಿ ಉಳಿಯಲಿಲ್ಲ. ಯರಗೇರಾದಿಂದ ಬಂದರು, ಗಿಲ್ಲೆಸುಗೂರಿನಿಂದ ಮೊದಲ ಬಸ್ಸಿಗೆ ಬಂದರು. ಮೌನಪ್ಪ ಮಾಸ್ತರರು ದೇವದುರ್ಗದಿಂದ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕಳಿಸಿ ಫೋನ್ ಮಾಡುತ್ತಿದ್ದರು: "ನಮ್ಮ ಹುಡುಗ ಅದಾನ, ಸ್ವಲ್ಪ ನೋಡು. ಪೇರೆಂಟ್ ಜೋಡಿ ಕಳಿಸಿಲ್ಲ." ಹುಲಿಗೇಶ ಎಲ್ಲರಿಗೂ ಕುರ್ಚಿ ಹಾಕಿದ. ಎಲ್ಲರಿಗೂ ಮೊದಲಿನಿಂದ ಬಿಡಿಸಿ ಹೇಳಿದ. ಪ್ರತಿ ಸಲ ಹೇಳಿದಾಗಲೂ ಒಂದು ಹೊಸ ಅನಾಹುತ ಹುಟ್ಟಿಕೊಂಡಿತು.

ಒಂದು ವಾರ ಯಾರಿಗೋ, ಗುಂಪಿನೊಳಗಿನ ಮೊದಲ ಚೈಲ್ಡನ್ನು ಹಿಡಿಯಲು ಬೇರೆಯೇ ದಾರಿಯಿದೆ, ಕಡೆಯ ಚೈಲ್ಡಿಗೂ ಇದೆ ಎಂದ. ಮುಂದಿನ ವಾರ ಗಿಲ್ಲೆಸುಗೂರಿನ ಗೋಪಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು.

"ಯಪ್ಪಾ, ದೊಡ್ಡ ಮಗಗ ದಾರಿ ಅದ ಅಂದಿ, ಸಣ್ಣಾವಗ ಅದ ಅಂದಿ. ನಡುವಿನವ ಊಟ ಬಿಟ್ಟು ಮಕ್ಕೊಂಡಾನ. ಅಂವೇನು ತಪ್ಪು ಮಾಡ್ಯಾನ?"

"ಯವ್ವಾ, ಅದು ನಿನ್ನ ಮಕ್ಕಳಿಗೆ ಹೇಳಿದ್ದಲ್ಲ."

"ಮತ್ತ ಯಾರ ಮಕ್ಕಳಿಗೆ?"

ಹುಲಿಗೇಶ ಹಣೆ ತಿಕ್ಕಿಕೊಂಡ. ಒಬ್ಬ ಹುಡುಗ ಉಪವಾಸ ಮಲಗಿದ್ದಾನೆ ಎಂಬುದಷ್ಟೇ ಅವನ ತಲೆಗೆ ಹತ್ತಿತು. "ನಡುವಿನವಗೂ ದಾರಿ ಅದವ್ವಾ. ಎಷ್ಟನೇದು ಅಂತ ಹೇಳಿದ್ರ ಸಿಗ್ತದ. ಹೋಗಿ ಉಣ್ಣಾಕ ಹೇಳು."

ಗೋಪಮ್ಮ ಅವನ ತಲೆ ಮುಟ್ಟಿ ನೆಟಿಗೆ ಮುರಿದು ಹೋದಳು. ಸುಜಾತಾ ಅಡುಗೆಮನೆಯಿಂದ ಇದನ್ನೆಲ್ಲ ಕೇಳುತ್ತಿದ್ದಳು.

"ನೀವು ಸುಮ್ಮನ ಕುಂತ್ರ ಜನ ಹೋಗ್ತಾರ. ಯಾಕ ಒಂದೊಂದಕ್ಕೂ ಉತ್ತರ ಕೊಡ್ತೀರಿ?"

"ಕೇಳಾಕತ್ತಾರಲ್ಲ" ಎಂದ ಹುಲಿಗೇಶ.

ಅವನ ಮನೆಯಲ್ಲಿ ಚಹಾ ಮುಗಿದದ್ದು ದೊಡ್ಡ ವಿಷಯವಲ್ಲ. ಮಾನ್ವಿಯಲ್ಲಿ ಗುರುತಿನ ಚೀಟಿ ಮಾಡಿಕೊಡುವ ಕೇಂದ್ರದ ಮುಂದೆ ಸಾಲು ನಿಂತದ್ದು ದೊಡ್ಡ ವಿಷಯವಾಯಿತು. ಜನ ಹೋಗಿ, ಬೇರೆ ಯಾರಿಗೂ ಇರದಂಥ ಐಡಿ ಕೊಡಿ ಎಂದರು. ನಿಮ್ಮ ನಿಮ್ಮ ಐಡಿ ಆಗಲೇ ನಿಮಗೊಬ್ಬರಿಗೇ ಇರುವಂಥದ್ದು ಎಂದು ಕೇಂದ್ರದವನು ಹೇಳಿದ. ಹಾಗಾದರೆ ನಮ್ಮನ್ನು ಇನ್ನೂ ಯಾಕೆ ಕರೆದಿಲ್ಲ ಎಂದು ಜನ ಕೇಳಿದರು. ಕೇಂದ್ರದವನು ಶಟರ್ ಎಳೆದ. ಶಟರ್ ಎಳೆದ ಸುದ್ದಿ ಮೇಲಿನ ಕಚೇರಿಗೆ ಹೋಯಿತು.

ಆನಂದನ ಫೋನ್ ಬಂತು. ಜೀಪಿನ ಗತ್ತು ಧ್ವನಿಯಲ್ಲಿ ಉಳಿದಿರಲಿಲ್ಲ.

"ಅಣ್ಣಾ, ಇಲ್ಲಿ ತಹಶೀಲ್ದಾರ್ ಉಮಾದೇವಿ ಮೇಡಂ ನಿನ್ನ ಕರದಾರ. ಬರೋವಾಗ ನನ್ನ ಹೆಸರು ಎಲ್ಲೂ ಹೇಳಬ್ಯಾಡ."

ಹುಲಿಗೇಶ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ಮಾನ್ವಿ ಬಸ್ ಹತ್ತಿದ. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ: ವಿಚಾರಣೆಯ ಸುದ್ದಿ ಪ್ರಾಚಾರ್ಯರಿಗೆ ಹೋದರೆ ಮಳೆಗಾಲಕ್ಕೆ ಕರೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಹೊಸ ಕಾಲೇಜಿಗೆ ಅತಿಥಿಯಾಗಿ ಹೋಗುವ ಶಕ್ತಿ ಅವನ ಕಾಲಲ್ಲಿರಲಿಲ್ಲ.

ಉಮಾದೇವಿಯವರ ಕೋಣೆಯಲ್ಲಿ ಫ್ಯಾನು ಅಳುತ್ತ ತಿರುಗುತ್ತಿತ್ತು. ಅವರು ಬೆಳಗಿನಿಂದ ಜನರ ಅಹವಾಲು ಕೇಳಿ ಕೇಳಿ, ಎದುರು ಬಂದವರ ಮುಖ ನೋಡುವುದನ್ನು ನಿಲ್ಲಿಸಿದ್ದರು. ಒಂದು ಬದಿಗೆ ಗುಮಾಸ್ತನಿದ್ದ, ಬಾಗಿಲಲ್ಲಿ ಒಬ್ಬ ಪೊಲೀಸ್ ಪೇದೆ. ಕಿಟಕಿಯ ಹೊರಗೆ ಮಾನ್ವಿಯ ಅರ್ಧ ಸಂತೆ ನೆರೆದಿತ್ತು.

"ಯಾವ ಹುದ್ದೆಗೆ ಆಯ್ಕೆ ಮಾಡಾಕತ್ತೀರಿ?"

"ಹುದ್ದೆ ಅಲ್ರಿ ಮೇಡಂ. ಎಲಿಮೆಂಟ್."

ಬಾಗಿಲಲ್ಲಿದ್ದ ಪೇದೆ ನೆಟ್ಟಗಾದ. ಅವನ ನೌಕರಿಯಲ್ಲಿ ಎಲಿಮೆಂಟ್ ಎಂಬ ಪದ ಒಂದೇ ಬಗೆಯ ಜನರಿಗೆ, ಸಮಾಜಘಾತುಕರಿಗೆ, ಬಳಕೆಯಾಗುತ್ತಿತ್ತು.

"ಎಷ್ಟು ಮಂದಿ ಎಲಿಮೆಂಟ್ ಅದಾರ ನಿಮ್ಮ ಕಡಿ?" ಎಂದು ಪೇದೆಯೇ ಕೇಳಿದ.

"ಒಂದ ಪುಟದಾಗ ಸಾವಿರಗಟ್ಲೆ ಇರ್ತಾವ್ರಿ."

"ಎಲ್ಲಿ ಅಡಗಿರ್ತಾರ?"

"ಕೆಲವು ಕಾಣಂಗ ಇರ್ತಾವ, ಕೆಲವು ಹಿಡನ್ ಇರ್ತಾವ."

ಪೇದೆ ಮೇಡಮ್ಮರ ಕಡೆ ಅರ್ಥಗರ್ಭಿತವಾಗಿ ನೋಡಿದ. ಉಮಾದೇವಿ ಕಣ್ಣು ಮುಚ್ಚಿ ತೆರೆದರು. "ನೀ ಹೊರಗ ನಿಲ್ಲಪಾ" ಎಂದು ಅವನಿಗೆ ಹೇಳಿ, ಹುಲಿಗೇಶನ ಕಡೆ ತಿರುಗಿದರು. "ನೀವು ಏನು ಮಾಡ್ತೀರಿ ಅನ್ನೋದು ಬಾಯಿಲೆ ಹೇಳಬ್ಯಾಡ್ರಿ. ಹೇಳಿದಷ್ಟೂ ಕೆಡಾಕತ್ತದ. ಮಾಡಿ ತೋರಸ್ರಿ."

ಹುಲಿಗೇಶ ಲ್ಯಾಪ್‌ಟಾಪ್ ತೆರೆದ. ತಡವಾಗಿ ತೆರೆಯುವ ಕಾಲೇಜಿನ ಫಲಿತಾಂಶದ ಪುಟ ಇದು ಎಂದು ಅದರ ಒಂದು ಪ್ರತಿ ತೋರಿಸಿದ. ಒಂದೊಂದೇ ದಾರಿಯಿಂದ ಒಂದು ಬಟನ್ನನ್ನು ಹುಡುಕಿಸಿದ. ಐಡಿಯಿಂದ, ಕ್ಲಾಸಿನಿಂದ, ಪೇರೆಂಟ್ ಹಿಡಿದು. ಪರದೆಯ ಮೇಲೆ ಅಂಕಿಗಳು ಬಂದವು. ಕಿಟಕಿಯಲ್ಲಿದ್ದವರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಿದರು.

ಉಮಾದೇವಿ ಮೊದಲ ಬಾರಿಗೆ ಮುಂದಕ್ಕೆ ಬಾಗಿದರು. "ಇವುಗಳ ನಡುವ ಫರಕು ಎಷ್ಟಾತು?"

"ಕಣ್ಣಿಗೆ ಕಾಣುವಷ್ಟು ಇಲ್ರಿ. ಲಕ್ಷ ಸಲ ಮಾಡಿ ಕೂಡಿಸಿದ್ರ ತಿಳೀತದ."

"ಮತ್ತ ಮಕ್ಕಳು ಒಂದ ಸಲ ರಿಸಲ್ಟ್ ನೋಡೋದಲ್ಲೇನು?"

"ಹೌದ್ರಿ."

"ಹಂಗಾದ್ರ ಪುಟ ತಡ ಆಗೋದು ಯಾಕ?"

ಅಷ್ಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಅವನಿಗೆ ಮತ್ತೆ ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಪ್ರಾಚಾರ್ಯರು ಕೇಳಿದ್ದು ಇದನ್ನೇ ಆದರೂ, ಅವನು ಉತ್ತರದಿಂದ ಶುರು ಮಾಡಿಬಿಟ್ಟಿದ್ದ. ಕಚೇರಿಯ ಇಂಟರ್ನೆಟ್ಟಿಗೆ ಜೋಡಿಸಿ ನಿಜವಾದ ಪುಟವನ್ನು ತೆರೆದ. ಎಲ್ಲರೂ ಕಾದರು. ಮೊದಲು ಒಂದು ರುಮಾಲಿನ ತುದಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಇಡೀ ರುಮಾಲು ಬಂತು. ಆಮೇಲೆ ಹಣೆ. ಹಣೆಯ ಕೆಳಗೆ ಹುಬ್ಬು. ಕಾಲೇಜಿನ ಸಂಸ್ಥಾಪಕರು ಪರದೆಯ ಮೇಲೆ ಗೆರೆ ಗೆರೆಯಾಗಿ ಇಳಿಯುತ್ತಿದ್ದರು. ಗುಮಾಸ್ತ ಹೊರಗೆ ಹೋಗಿ ನೀರು ಕುಡಿದು ಬಂದಾಗ ಮೀಸೆಯವರೆಗೆ ಬಂದಿತ್ತು. ಗೋಡೆಗೆ ಹಾಕುವ ಅಳತೆಯ ಫೋಟೋವನ್ನು ಯಾರೋ ಹಾಗೇ ಪುಟದ ತಲೆಗೆ ಕೂಡಿಸಿದ್ದರು. ಅವರ ಶಾಲಿನ ಅಂಚು ಮುಗಿದ ಮೇಲೆಯೇ ಫಲಿತಾಂಶದ ಬಟನ್ನಿನ ಸರದಿ.

"ಈ ಯಜಮಾನ್ರ ಫೋಟೋ ಸಣ್ಣದು ಮಾಡಿದ್ರ ಆಗಂಗಿಲ್ಲೇನು?" ಎಂದು ಉಮಾದೇವಿ ಕೇಳಿದರು.

ಹುಲಿಗೇಶ ಲ್ಯಾಪ್‌ಟಾಪ್ ಮುಚ್ಚಿದ. ಬೇಸಿಗೆಯ ಆರಂಭದಿಂದ ಅವನು ಅಳೆದದ್ದೆಲ್ಲ ಸರಿಯಾಗಿತ್ತು. ಒಂದಂಕಿಯೂ ತಪ್ಪಿರಲಿಲ್ಲ. ಆದರೂ ಆ ಕೋಣೆಯಲ್ಲಿ ಅವನಿಗೆ ಎಲ್ಲಾದರೂ ಒರಗಿ ಮಲಗಬೇಕೆನಿಸಿತು.

"ನಿಮ್ಮ ಮ್ಯಾಲೆ ಏನೂ ತಪ್ಪಿಲ್ಲ" ಎಂದರು ಉಮಾದೇವಿ. "ನನ್ನ ಕೈಯಾಗ ಏನೂ ಇಲ್ಲ ಅಂತ ಹೊರಗ ನಿಂತು ಜನಕ್ಕ ಹೇಳಿ ಹೋಗ್ರಿ."

ಹುಲಿಗೇಶ ಮೆಟ್ಟಿಲ ಮೇಲೆ ನಿಂತು ಹಾಗೇ ಹೇಳಿದ. ತಾನು ಯಾರನ್ನೂ ಯಾವುದಕ್ಕೂ ಆಯ್ಕೆ ಮಾಡುವವನಲ್ಲ, ಹಿಂದೆಯೂ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ ಎಂದ. ಜನ ತಲೆದೂಗಿದರು.

"ಎಲೆಕ್ಷನ್ ಹತ್ರ ಬಂದದ" ಎಂದು ಒಬ್ಬ ಪಕ್ಕದವನಿಗೆ ಹೇಳಿದ. "ಈಗ ಹಂಗ ಹೇಳಬೇಕಾಗ್ತದ. ನೀತಿ ಸಂಹಿತೆ."

ಪ್ರಾಚಾರ್ಯರಿಗೆ ವಿಚಾರಣೆಯ ಸುದ್ದಿ ಹೋಗಿರಲಿಲ್ಲ. ಆದರೆ ವರದಿ ಹೋಯಿತು. ಪುಟ ನಿಧಾನವಾಗುವುದಕ್ಕೆ ಸಂಸ್ಥಾಪಕರ ಭಾವಚಿತ್ರದ ಭಾರವೇ ಕಾರಣವೆಂದು ಹುಲಿಗೇಶ ಒಂದೇ ಪುಟದಲ್ಲಿ ಬರೆದುಕೊಟ್ಟಿದ್ದ. ಪ್ರಾಚಾರ್ಯರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಯಜಮಾನ್ರು ಭಾರ ಆಗ್ಯಾರ ಅಂತ ಬರದು ನಾ ಸಹಿ ಮಾಡಬೇಕೇನು?"

"ಫೋಟೋ ಅಷ್ಟರಿ ಸರ್."

"ಫೋಟೋ ಸಣ್ಣದು ಮಾಡಿದ್ರು ಅಂತ ನಾಳೆ ಅವರ ಮನೆಯವರಿಗೆ ಯಾರರ ಹೇಳಿದ್ರ?" ಅವರು ವರದಿಯನ್ನು ನಾಲ್ಕಾಗಿ ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. "ನಿಮ್ಮ ಆ ಹೋಲಿಕಿ ಅಧ್ಯಯನ ಚಲೋ ಇತ್ತು. ಐಡಿ, ಕ್ಲಾಸ್, ಏನೋ ಮಾಡಾಕತ್ತಿದ್ರಲ್ಲ. ಅದು ಇನ್ನೂ ಆಳಕ್ಕ ಹೋಗಬೇಕು. ಮುಂದಿನ ವರ್ಷಾನೂ ಅದನ್ನ ಮಾಡ್ರಿ. ಬೇಸಿಗಿಯಾಗ ಮನಿಗೆ ಹೋಗೋದು ಬ್ಯಾಡ."

ಹೀಗೆ, ಪ್ರಶ್ನೆಗೆ ಉತ್ತರ ಸಿಕ್ಕಿದ ಕಾರಣ ಸಂಶೋಧನೆ ಮುಂದುವರಿಯಿತು. ಹುಲಿಗೇಶನ ನೌಕರಿ ಉಳಿಯಿತು. ಅವನು ಮನೆಗೆ ಬಂದು ಸುಜಾತಾಳಿಗೆ ಹೇಳಿದಾಗ ಅವಳು ಖುಷಿಪಟ್ಟಳು. "ನೀವ್ಯಾಕ ಸಪ್ಪಗ ಅದೀರಿ?" ಎಂದಳು. "ನಿದ್ದಿ ಬಂದದ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮೃಗಶಿರ ಬಂದರೂ ರಾಯಚೂರಿಗೆ ಮಳೆ ಬಂದಿರಲಿಲ್ಲ. ಅಂಥ ಒಂದು ಭಾನುವಾರ, ಜನ ಬರುವುದು ಸ್ವಲ್ಪ ಕಡಿಮೆಯಾಗಿದೆ ಎಂದು ಹುಲಿಗೇಶ ನಿಟ್ಟುಸಿರು ಬಿಡುತ್ತಿದ್ದಾಗ ಗೇಟಿನ ಸದ್ದಾಯಿತು. ಯಮನೂರಪ್ಪ ಈ ಸಲ ಹೊರಗೆ ನಿಲ್ಲಲಿಲ್ಲ. ಹೆಗಲ ಮೇಲೆ ಹೊಸ ಕರಿ ಕಂಬಳಿ, ಕೈಯಲ್ಲಿ ಪೇಢೆಯ ಡಬ್ಬಿ. ಹಿಂದೆ ಅಂಬಿಕಾ. ಅವರ ಹಿಂದೆ, ಡಬ್ಬಿಯನ್ನು ಕಂಡು ವಿಷಯವನ್ನು ಊಹಿಸಿದ ಅಬ್ದುಲ್ ವಹೀದರು, ಅವರ ಹಿಂದೆ ಅರ್ಧ ಓಣಿ.

"ಮಟಮಾರಿ ಸಾಲಿಯಾಗ ಆತ್ರಿ" ಎಂದ ಯಮನೂರಪ್ಪ. "ಇಂಗ್ಲಿಷ್ ಟೀಚರ್. ನಾಳಿಂದ ಬಾ ಅಂದಾರ."

ಹುಲಿಗೇಶನಿಗೆ ನಿಜವಾಗಿ ಸಂತೋಷವಾಯಿತು. ಅದರ ಬೆನ್ನಿಗೇ ಭಯವಾಯಿತು. "ಯಜಮಾನ್ರ, ಇದರಾಗ ನಂದೇನೂ ಇಲ್ಲ."

"ದೊಡ್ಡ ಅಧಿಕಾರಿಗಳು ಹಿಂಗ ಅಂತಾರ" ಎಂದು ವಹೀದರು ಓಣಿಯವರಿಗೆ ವಿವರಿಸಿದರು.

ಆಗ ಅಂಬಿಕಾ ಮುಂದೆ ಬಂದಳು. "ಯಪ್ಪಾ, ಸರ್ ಖರೇನ ಹೇಳಾಕತ್ತಾರ. ಮಟಮಾರಿಯವರು ನನ್ನ ಕಡಿಂದ ಒಂದು ಪಾಠ ಮಾಡಿಸಿ ನೋಡಿ ತಗೊಂಡಾರ. ಇವರದು ಬ್ಯಾರೆನ ಕೆಲಸ. ಡಿಗ್ರಿಯಾಗ ನಮಗೂ ಸ್ವಲ್ಪ ಕಂಪ್ಯೂಟರ್ ಇತ್ತು. ದೇವದುರ್ಗದಾಗ ಕೇಳಿದ ದಿನಾನ ನನಗ ಗೊತ್ತಾಗಿತ್ತು."

ವಹೀದರ ಇಲಾಖೆ ಅವರ ಕಣ್ಣೆದುರಿಗೇ ಮುಳುಗುತ್ತಿತ್ತು.

"ಮತ್ತ ಅವತ್ತ ಯಾಕ ಹೇಳಲಿಲ್ಲವ್ವಾ?" ಎಂದ ಹುಲಿಗೇಶ. ಇಡೀ ಬೇಸಿಗೆಯ ಆಯಾಸ ಆ ಪ್ರಶ್ನೆಯಲ್ಲಿತ್ತು.

ಅಂಬಿಕಾ ಅಪ್ಪನ ಕಡೆ ಒಮ್ಮೆ ನೋಡಿದಳು. "ಎಲ್ಲಾ ಕಡಿ ನಾಳಿ ಬಾ ಅಂದು ಕಳಿಸ್ತಿದ್ರು ಸರ್. ನೀವು ಅಪ್ಪ ಕೇಳಿದ್ದಕ್ಕೆಲ್ಲಾ ಉತ್ತರ ಹೇಳಿದ್ರಿ. ತಿಳಿಲಿಲ್ಲ ಅಂದ್ರ ಮತ್ತ ಹೇಳಿದ್ರಿ. ಬಸ್ಸಿನಾಗ ಅಪ್ಪ ಊರು ಮುಟ್ಟೋತನಕ ಅದನ್ನ ಮಾತಾಡ್ತಿದ್ದ. ಅಂವ ಅಷ್ಟು ಮಾತಾಡಿದ್ದು ಎಷ್ಟೋ ದಿನ ಆಗಿತ್ತು."

ಹುಲಿಗೇಶ ಯಮನೂರಪ್ಪನ ಮುಖ ನೋಡಲಾರದೆ ಪೇಢೆಯ ಡಬ್ಬಿಯನ್ನು ನೋಡಿದ. ಮಗಳ ಮಾತಿನಿಂದ ಮುದುಕನಿಗೆ ಎಲ್ಲರೆದುರು ಅವಮಾನವಾಯಿತೇನೋ ಎಂದುಕೊಂಡ.

"ನನಗೂ ಗೊತ್ತದ ಬೇ" ಎಂದ ಯಮನೂರಪ್ಪ. "ಮಾನ್ವಿ ಕಚೇರಿ ಕಿಟಕ್ಯಾಗ ನಾನೂ ನಿಂತಿದ್ದೆ. ಆ ರುಮಾಲಿನ ಯಜಮಾನ ಇಳಕೊಂತ ಬಂದದ್ದು ಪೂರಾ ನೋಡೀನಿ."

"ಮತ್ತ ಈ ಕಂಬಳಿ ಯಾಕ ತಂದಿ?"

"ನೌಕರಿ ಸಿಕ್ಕದ. ಯಾರಿಗರ ಹೊಚ್ಚಬೇಕಲ್ಲ. ನೀ ಮಾಡಿದ ಪಾಠಕ್ಕ ಕಂಬಳಿ ಹೊಚ್ಚಾಕ ಬರ್ತದೇನು?"

ಹೀಗೆಂದು ಆತ ಹುಲಿಗೇಶನ ಬನಿಯನ್ನಿನ ಮೇಲೆ ಕಂಬಳಿಯನ್ನು ಹೊದಿಸಿ, ಎರಡೂ ಕಡೆ ಎಳೆದು ಸರಿಮಾಡಿದ. ಅವನ ಮನೆಯ ಕುರಿಗಳ ಉಣ್ಣೆ. ದಪ್ಪಗಿತ್ತು, ಭಾರವಾಗಿತ್ತು, ಇನ್ನೂ ಹಿಂಡಿನ ವಾಸನೆ ಹೋಗಿರಲಿಲ್ಲ. ವಹೀದರು ಚಪ್ಪಾಳೆ ತಟ್ಟಿದರು. ಓಣಿಯವರೂ ತಟ್ಟಿದರು. ಅದೇ ಹೊತ್ತಿಗೆ ಕರೆಂಟು ಹೋಗಿ ಕೂಲರ್ ನಿಂತಿತು.

ಹುಲಿಗೇಶನ ಕಿವಿಯ ಹಿಂದಿನಿಂದ ಬೆವರು ಇಳಿಯತೊಡಗಿತು. "ತಗೀರಿ ಅದನ್ನ, ಬೀಳ್ತೀರಿ" ಎಂದು ಸುಜಾತಾ ಪಿಸುಗುಟ್ಟಿದಳು. ಅವನು ತೆಗೆಯಲಿಲ್ಲ. ಬಂದವರಿಗೆಲ್ಲ ಪೇಢೆ ಹಂಚಿ, ಚಹಾ ಆಗುವವರೆಗೂ, ಕುಡಿದು ಮುಗಿಯುವವರೆಗೂ, ಯಮನೂರಪ್ಪ ಮಗಳನ್ನು ಮುಂದೆ ಬಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಳುವವರೆಗೂ, ಕಂಬಳಿಯನ್ನು ಹೊದ್ದುಕೊಂಡೇ ಗೇಟಿನಲ್ಲಿ ನಿಂತಿದ್ದ.